ತೊಗಲು ಎಷ್ಟು ಕುಡಿದರೂ ಕೊಡಬಾರದು

ನಮ್ಮೂರು ಅಥಣಿ. ಅಲ್ಲಿ ಹೊಲಿದ ಚಪ್ಪಲಿಗೂ ಹೆಸರು ಮಾತ್ರ ಕೊಲ್ಲಾಪುರಿ. 2019ರಲ್ಲಿ ಜಿಐ, ಅಂದ್ರೆ ಇಂಥ ಊರಿನದೇ ಸರಕು ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಸೇರಿಸಿದರು ಅನ್ನೋದೇ ಸಮಾಧಾನ. ಮನೆಗೆ ಹೊಸ ಜೋಡು ಬಂತು ಅಂದ್ರೆ ಮೊದಲ ಕೆಲಸ ಎಣ್ಣೆ. ರಾತ್ರಿ ಔಡಲೆಣ್ಣೆ ಸವರಿ ಗೋಡೆಗೆ ಒರಗಿಸಿಟ್ಟರೆ ಬೆಳಗಾಗೋದ್ರೊಳಗೆ ಕುಡಿದಿರುತ್ತಿತ್ತು. ‘ತೊಗಲು ಎಷ್ಟ್ ಕುಡೀತದೋ ಅಷ್ಟ್ ಕೊಡು’ ಅಂತಿದ್ದ ಅಪ್ಪ. ಆ ಮಾತನ್ನೇ ನಂಬಿಕೊಂಡು ನಾನು ಬೆಂಗಳೂರಿನ ಬ್ಯಾಗು-ಬೂಟು ರಿಪೇರಿ ಅಂಗಡಿ ಸೇರಿದ್ದು.

ಸೇರಿದ ಮೊದಲ ಮಳೆಗಾಲದಲ್ಲಿ ಒಬ್ಬರು ಮೇಡಂ ಕಂದು ಬಣ್ಣದ ಹಳೇ ಆಫೀಸ್ ಬ್ಯಾಗ್ ತಂದರು. ಒಣಗಿ ಅಲ್ಲಲ್ಲಿ ಬಿಳಿಚಿಕೊಂಡಿತ್ತು. ‘ನಮ್ಮ ತಂದೆಯವರದು. ಕ್ಲೀನ್ ಮಾಡಿ, ಮೆತ್ತಗಾಗೋ ಹಾಗೆ ಏನಾದ್ರೂ ಹಚ್ಚಿಕೊಡಿ’ ಅಂದರು. ಉಸ್ತಾದ್ ಊಟಕ್ಕೆ ಹೋಗಿದ್ದರು. ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಬ್ಯಾಗ್ ಕುಡಿಯಿತು, ಕೊಟ್ಟೆ. ಮತ್ತೆ ಕುಡಿಯಿತು, ಮತ್ತೆ ಕೊಟ್ಟೆ. ಉಸ್ತಾದ್ ವಾಪಸ್ ಬಂದು, ಎತ್ತಿ ಮೂಸಿ, ‘ಏನಪ್ಪಾ, ಉಪ್ಪಿನಕಾಯಿ ಹಾಕಿದ್ದೀಯಾ?’ ಅಂದರು.

ಮೇಡಂ ಬಯ್ಯಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, ‘ಹಿಡಿ ಹತ್ರ ಒಂದು ಕಡೆ ಕಪ್ಪಗಿತ್ತಲ್ಲ, ಅದೆಲ್ಲಿ?’ ಅಂದರು. ಎಷ್ಟೋ ವರ್ಷ ಒಬ್ಬರೇ ಹಿಡಿದು ಹಿಡಿದು, ಅಂಗೈ ಬೆವರು-ಜಿಡ್ಡಿಗೆ ಹೊಳಪು ಬಂದ ಗುರುತು ಅದು. ನನ್ನ ಎಣ್ಣೆಗೆ ಇಡೀ ಬ್ಯಾಗೇ ಆ ಬಣ್ಣಕ್ಕೆ ತಿರುಗಿ, ಅವರ ಅಪ್ಪನ ಕೈ ಎಲ್ಲಿತ್ತು ಅಂತ ಗೊತ್ತಾಗದ ಹಾಗಾಗಿತ್ತು. ಎರಡು ರಾತ್ರಿ ಕಾರ್ನ್‌ಫ್ಲೋರ್ ಉದುರಿಸಿಟ್ಟು ಎಣ್ಣೆ ಎಳೆಸಿದೆವು. ಸ್ವಲ್ಪ ತಿಳಿಯಾಯಿತು, ಅಷ್ಟೇ.

ಅಪ್ಪ ಹೇಳಿದ್ದು ಚಪ್ಪಲಿಗೆ ಸರಿಯೇ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ದಪ್ಪ ತೊಗಲು ಅದು, ಕಪ್ಪಾದರೆ ಕೇಳೋರಿಲ್ಲ. ಆ ಬ್ಯಾಗೂ ತೊಗಟೆಯಲ್ಲಿ ಹದ ಮಾಡಿದ್ದೇ, ಮೇಲೆ ಬಣ್ಣದ ಲೇಪವೂ ಇರಲಿಲ್ಲ. ಅದಕ್ಕೇ ಅಷ್ಟು ಕುಡಿಯಿತು. ಆದರೆ ತೆಳು. ಹದ ಮಾಡುವಾಗಲೇ ಚರ್ಮದ ನಾರಿಗೆ ಬೇಕಾದ ಜಿಡ್ಡನ್ನು ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ಕಾಲ ಕಳೆದಂತೆ ಕಮ್ಮಿಯಾದಷ್ಟನ್ನು ಮಾತ್ರ ನಾವು ತುಂಬಬೇಕು. ಮಿತಿ ಮೀರಿದರೆ ನಾರು ಸಡಿಲವಾಗಿ ಬ್ಯಾಗ್ ಜೋತುಬೀಳುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಡಿಸೆಂಬರ್‌ನಲ್ಲಿ ಅದೇ ಬ್ಯಾಗ್ ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಮತ್ತೆ ಬಂತು. ಬೂಷ್ಟು ಅಂತ ನಾನು ಬ್ರಷ್ ಎತ್ತಿಕೊಂಡೆ. ಉಸ್ತಾದ್ ಹೇರ್ ಡ್ರೈಯರ್ ತಂದು ದೂರದಿಂದ ಮೆಲ್ಲಗೆ ಬಿಸಿಗಾಳಿ ಬಿಟ್ಟರು. ಬಿಳಿ ಕರಗಿ ಮಾಯ! ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದಲ್ಲ, ಬೆಂಗಳೂರಿನ ಚಳಿಗೆ ನನ್ನ ಎಣ್ಣೆಯೇ ಹೊರಗೆ ಬಂದು ಕೂತಿತ್ತು. ಬಿಸಿಗೆ ಕರಗಿದರೆ ಜಿಡ್ಡು, ಕರಗದಿದ್ದರೆ ಬೂಷ್ಟು. ಮನೆಯಲ್ಲೂ ಹೀಗೇ ನೋಡಬಹುದು, ಡ್ರೈಯರ್ ಹತ್ತಿರ ಹಿಡಿಯಬೇಡಿ. ನಿಜವಾದ ಬೂಷ್ಟಾದರೆ ಮಾಸ್ಕ್ ಹಾಕಿಕೊಂಡು ಹೊರಗೆ ಒಯ್ದು ಒಣ ಬ್ರಷ್‌ನಲ್ಲಿ ಉದುರಿಸಿ. ಬೀರುವಿನೊಳಗೇ ಕೊಡವಿದರೆ ಪಕ್ಕದ ಬೂಟಿಗೂ ಹಬ್ಬುತ್ತದೆ.

ಈಗ ನಾನು ಏನೇ ಹಚ್ಚುವ ಮೊದಲು ಯಾರಿಗೂ ಕಾಣದ ಮೂಲೆಗೆ ಒಂದು ಹನಿ ನೀರು ಬಿಡುತ್ತೇನೆ. ಹೀರಿಕೊಂಡು ಕಪ್ಪಾಯಿತೋ, ಮೇಲೆ ಲೇಪ ಇಲ್ಲ, ಹುಷಾರು. ಮುತ್ತಿನ ಹಾಗೆ ನಿಂತಿತೋ, ಲೇಪ ಇದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ತಡೆದುಕೊಳ್ಳುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಧೂಳು, ಹೊಲಿಗೆ ಸಂದಿಗೆ ಹಳೇ ಟೂತ್‌ಬ್ರಷ್. ಕೊಳೆ ಹೋಗದಿದ್ದರೆ ಮಕ್ಕಳ ಶಾಂಪೂ ಎರಡು ಹನಿ ನೀರಿಗೆ ಹಾಕಿ, ಬರೀ ನೊರೆಯಿಂದ ಒರೆಸಿ, ಹಿಂದೆಯೇ ಹಿಂಡಿದ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇನೆ. ಬಟ್ಟೆ ಸೋಪು ಬೇಡವೇ ಬೇಡ. ಚರ್ಮದ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ಸುಮಾರು 4ರಿಂದ 5, ಸೋಪಿನದು 9 ದಾಟಿರುತ್ತದೆ. ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ.

ನೆರಳಲ್ಲಿ ಒಂದು ದಿನ ಆರಬೇಕು. ಬಿಸಿಲಿಗಿಟ್ಟು ಸೆಟೆದುಕೊಂಡ ಬೂಟುಗಳನ್ನು ಮಳೆಗಾಲದಲ್ಲಿ ವಾರಕ್ಕೊಂದಾದರೂ ನೋಡುತ್ತೇನೆ. ಒಳಗೆ ಹಳೇ ಪೇಪರ್ ತುರುಕಿಟ್ಟರೆ ಅದೇ ನೀರು ಎಳೆಯುತ್ತದೆ, ಆಕಾರವೂ ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ಲೆದರ್ ಕಂಡೀಷನರ್, ಕಡಲೆಕಾಳಿನಷ್ಟು. ಬ್ಯಾಗಿಗಲ್ಲ, ಬಟ್ಟೆಗೆ ಹಚ್ಚಿ ತೆಳ್ಳಗೆ ಸವರಬೇಕು. ವರ್ಷಕ್ಕೆ ಎರಡು ಸಲ ಸಾಕು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಹತ್ತಿ ದಿಂಬಿನ ಚೀಲ ಒಳ್ಳೇದು.

ಮಖಮಲ್ಲಿನ ಹಾಗೆ ನವಿರಾಗಿರೋ ಸ್ವೇಡ್ ಚರ್ಮಕ್ಕೆ ಇದ್ಯಾವುದೂ ಆಗಲ್ಲ, ಒಣ ಬ್ರಷ್, ಪೆನ್ಸಿಲ್ ರಬ್ಬರ್ ಅಷ್ಟೇ. ಪೆನ್ನಿನ ಇಂಕ್‌ಗೆ ಸ್ಯಾನಿಟೈಸರ್ ಉಜ್ಜಿ ತರುವವರು ಕೊರೊನಾ ಆದ ಮೇಲೆ ಜಾಸ್ತಿ. ಇಂಕ್ ಹರಡಿರುತ್ತದೆ, ಜೊತೆಗೆ ಬಣ್ಣವೂ ಎದ್ದಿರುತ್ತದೆ. ಇನ್ನು ಪದರ ಪದರವಾಗಿ ಉದುರುವ ಬ್ಯಾಗ್ ಹೆಚ್ಚಿನ ಸಲ ಲೆದರ್ ಅಲ್ಲ, ರೆಕ್ಸಿನ್. ಅದಕ್ಕೆ ಯಾವ ಕ್ರೀಮೂ ಜೀವ ಕೊಡಲ್ಲ. ಇದನ್ನು ಗಿರಾಕಿಗೆ ಹೇಳೋದೇ ನಮ್ಮ ಕೆಲಸದಲ್ಲಿ ಕಷ್ಟದ ಭಾಗ. ಅಷ್ಟು ದುಡ್ಡು ಕೊಟ್ಟಿರುತ್ತಾರೆ ಪಾಪ.

ಆ ಮೇಡಂ ಆಮೇಲೂ ಬರುತ್ತಿದ್ದರು. ಅವರ ಬ್ಯಾಗ್ ಆದ ಮೇಲೆ ನಮ್ಮ ರಸೀದಿ ಪುಸ್ತಕದಲ್ಲಿ ಒಂದು ಸಾಲು ಜಾಸ್ತಿಯಾಗಿದೆ: ‘ಯಾವ ಗುರುತು ತೆಗೆಯಬಾರದು?’ ಹೆಚ್ಚಿನವರು ಅಂಥದ್ದೇನಿಲ್ಲ ಅನ್ನುತ್ತಾರೆ. ಹೋದ ವಾರ ಒಬ್ಬ ಹುಡುಗ ಬೆಲ್ಟ್ ಕೊಟ್ಟು ಹೊರಟವನು ಬಾಗಿಲಿಂದ ತಿರುಗಿ ಬಂದು, ಅದರ ಮೂರನೇ ತೂತಿನ ಸುತ್ತ ಬೆರಳಾಡಿಸಿ, ‘ಇದು ಹಾಗೇ ಇರಲಿ ಅಣ್ಣ’ ಅಂದ.