ಹಿತ್ತಲಲ್ಲಿ ಗೌಜಲಕ್ಕಿ: ಕೋಳಿಯ ಲೆಕ್ಕ ಇಲ್ಲಿ ನಡೆಯದು

ಪುಣೆಯಲ್ಲಿ ನೆಲೆಸಿರುವ ಕನ್ನಡದವರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು ಬಹಳ. ಊರಲ್ಲಿ ಜವಾರಿ ಕೋಳಿ ಸಾಕಿ ರೂಢಿ ಇರುವ ಮನೆತನಗಳು. ಧಾನೋರಿಯಲ್ಲೋ ಭೋಸರಿಯಲ್ಲೋ ಮನೆ ಹಿಂದೆ ಒಂದಿಷ್ಟು ಜಾಗ ಸಿಕ್ಕರೆ ಸಾಕು, ಕೋಳಿಗೆ ಇದು ಸಾಲದು, ಗೌಜಲಕ್ಕಿ ಆದೀತು ಅನ್ನುವ ಮಾತು ಬರುತ್ತದೆ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಕೋಳಿಯ ತಿಳಿವಳಿಕೆಯನ್ನು ಹಾಗೇ ಗೌಜಲಕ್ಕಿಗೆ ಹಚ್ಚಿದರೆ ಮೊದಲ ತಿಂಗಳಲ್ಲೇ ಹಕ್ಕಿಗಳು ಸಾಯುತ್ತವೆ. ಗೌಜಲಕ್ಕಿ ಸಂಜೆಗೆ ಗೂಡಿಗೆ ಮರಳುವುದಿಲ್ಲ. ಹೊರಗೆ ಬಿಟ್ಟರೆ ಹೋಯಿತು ಎಂದೇ ಲೆಕ್ಕ. ಕಟ್ಟಿಗೆಯ ಮೇಲೆ ಕೂತು ಮಲಗುವುದಿಲ್ಲ, ನೆಲದಲ್ಲೇ ಅದರ ಬಾಳು. ಗೂಡು ಹುಡುಕಿ ಮೊಟ್ಟೆ ಇಡುವುದಿಲ್ಲ, ಸಾಕಿದ ತಳಿಗಳು ಸಾಮಾನ್ಯವಾಗಿ ಕಾವಿಗೂ ಕೂರುವುದಿಲ್ಲ. ಹಾಗಾಗಿ ಅದರ ಸುರಕ್ಷತೆ ಎಂದರೆ ಬಹುಪಾಲು ನೀವು ಕಟ್ಟುವ ಪೆಟ್ಟಿಗೆಯೇ.

ಮೊದಲು ಯಾವ ಹಕ್ಕಿ ಎಂಬುದು. ಸಾಕಬೇಕಾದ್ದು ಜಪಾನಿ ಗೌಜಲಕ್ಕಿ ಮಾತ್ರ, 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದು ಅಲ್ಲಿಂದ ದೇಶಕ್ಕೆ ಹಬ್ಬಿಸಿದ ತಳಿ. ಹೊಲದಲ್ಲಿ ಬಲೆ ಹಾಕಿ ಹಿಡಿದ ಕಾಡು ಗೌಜಲಕ್ಕಿಯನ್ನು ಯಾರಾದರೂ ಬುಟ್ಟಿಯಲ್ಲಿ ತಂದು ಮಾರಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಮತ್ತು ಆ ಹಕ್ಕಿ ಪಂಜರದಲ್ಲಿ ತಲೆ ಬಡಿದುಕೊಂಡೇ ಸಾಯುತ್ತದೆ. ಫಾರ್ಮಿನಿಂದ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ನಾಲ್ಕೈದು ವಾರದ ಹಕ್ಕಿಗಳನ್ನು ಕೊಂಡರೆ ಗಂಡು ಹೆಣ್ಣು ಗುರುತಿಸಬಹುದು: ಮಾಮೂಲಿ ಕಂದು ಬಣ್ಣದವುಗಳಲ್ಲಿ ಗಂಡಿನ ಎದೆ ಒಂದೇ ಸಮನೆ ಇಟ್ಟಿಗೆ ಕೆಂಪು, ಹೆಣ್ಣಿನ ಎದೆ ಮಾಸಲು, ಅದರ ಮೇಲೆ ಕಪ್ಪು ಚುಕ್ಕೆ. ಬಿಳಿ ಹಕ್ಕಿಗಳಲ್ಲಿ ಈ ಗುರುತು ನಡೆಯದು.

ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು ಇರಬೇಕು. ಎರಡು ಗಂಡನ್ನು ಒಂದೇ ಖಾನೆಗೆ ಬಿಟ್ಟರೆ ಒಂದು ಇನ್ನೊಂದರ ತಲೆಯ ಚರ್ಮ ಕೀಳುವವರೆಗೂ ಬಿಡುವುದಿಲ್ಲ. ಮೊಟ್ಟೆ ಅಷ್ಟೇ ಸಾಕು ಎನ್ನುವವರಿಗೆ ಗಂಡು ಬೇಕೇ ಇಲ್ಲ, ಹೆಣ್ಣು ತಾನೇ ಮೊಟ್ಟೆ ಇಡುತ್ತದೆ. ಗಂಡಿನ ಕೂಗು ಗಾತ್ರಕ್ಕೆ ಮೀರಿದ್ದು, ನಸುಕಿನಲ್ಲೇ ಶುರು. ಸೊಸೈಟಿಯೊಳಗಿನ ರೋ ಹೌಸ್‌ನಲ್ಲಿ ಇರುವವರು ಹೆಣ್ಣುಗಳನ್ನು ಮಾತ್ರ ಇಟ್ಟುಕೊಳ್ಳುವುದು, ಕಮಿಟಿಗೆ ಮೊದಲೇ ತಿಳಿಸುವುದು ಲೇಸು.

ಈಗ ಪೆಟ್ಟಿಗೆ. ಹತ್ತು ಹಕ್ಕಿಗೆ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ. ನಡುವೆ ಅಡ್ಡ ಹಲಗೆ ಹಾಕಿ ಎರಡು ಖಾನೆ ಮಾಡಿ, ಒಂದೊಂದರಲ್ಲಿ ಒಂದು ಗಂಡು ನಾಲ್ಕು ಹೆಣ್ಣು. ಹಕ್ಕಿಗೆ ಒಂದು ಚದರ ಅಡಿ ಸಿಕ್ಕಿತು. ವ್ಯಾಪಾರದ ಫಾರ್ಮುಗಳಲ್ಲಿ ಇದರ ಕಾಲು ಭಾಗದಲ್ಲಿ ತುಂಬುತ್ತಾರೆ, ಮನೆಯಲ್ಲಿ ಹಾಗೆ ಮಾಡಲು ಯಾವ ಕಾರಣವೂ ಇಲ್ಲ.

ಎತ್ತರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬೆದರಿದ ಗೌಜಲಕ್ಕಿ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಎರಡು ಮೂರು ಅಡಿಯ ಗೂಡಿನಲ್ಲಿ ಅದಕ್ಕೆ ವೇಗ ಸಿಗುತ್ತದೆ, ಚಾವಣಿಗೆ ಬಡಿದು ತಲೆಯ ಚರ್ಮ ಸುಲಿಯುತ್ತದೆ, ಕೆಲವೊಮ್ಮೆ ಕುತ್ತಿಗೆಯೇ ಮುರಿಯುತ್ತದೆ. ಹತ್ತರಿಂದ ಹನ್ನೆರಡು ಇಂಚು ಇಟ್ಟರೆ ವೇಗ ಬರುವ ಮುಂಚೆಯೇ ಮೇಲೆ ತಾಗುತ್ತದೆ. ಇಲ್ಲವೇ ಆರು ಅಡಿಗೆ ಮೇಲೆ ಇರುವ ದೊಡ್ಡ ಆವರಣ ಕಟ್ಟಬೇಕು. ನಡುವಿನ ಯಾವ ಎತ್ತರವೂ ಬೇಡ. ಪುಟ್ಟ ಗೂಡಿನಲ್ಲೂ ಚಾವಣಿಯ ಒಳಗೆ, ಒಂದು ಇಂಚು ಕೆಳಗೆ, ಹಸಿರು ಶೇಡ್ ನೆಟ್ಟನ್ನು ಸ್ವಲ್ಪ ಸಡಿಲವಾಗಿ ಕಟ್ಟಿ. ತಲೆ ತಾಗುವುದು ಮೆತ್ತನೆಯ ನೆಟ್ಟಿಗೆ, ತಂತಿಗಲ್ಲ.

ಜಾಲರಿಗೆ ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋದರೆ ಅರ್ಧ ಇಂಚಿನ ವೆಲ್ಡ್ ಮೆಶ್ ಎಂದೇ ಕೇಳಿ. ಆರು ಮೂಲೆಯ ಕಣ್ಣಿರುವ ಕೋಳಿ ಜಾಲರಿ ಬೇಡ. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿಯನ್ನು ಹೊರಗಿಡುವುದಿಲ್ಲ, ನಾಯಿ ಎಳೆದರೆ ಹರಿಯುತ್ತದೆ, ಅದರ ಕಣ್ಣಿನಿಂದ ಗೌಜಲಕ್ಕಿ ತಲೆ ಹೊರಗೆ ಹಾಕುತ್ತದೆ. ಪುಣೆಯಲ್ಲಿ ಹಗಲು ಬೆಕ್ಕು, ಕಾಗೆ, ಹದ್ದು, ರಾತ್ರಿ ಹೆಗ್ಗಣ, ಕಾತ್ರಜ್, ಪಾಷಾಣ್ ಬಡಾವಣೆಗಳಂಥ ಗುಡ್ಡದಂಚಿನಲ್ಲಿ ಮುಂಗುಸಿ ಮತ್ತು ಹಾವು. ಬೆಕ್ಕು ಒಳಗೆ ನುಗ್ಗಲೇಬೇಕೆಂದಿಲ್ಲ, ಜಾಲರಿಗೆ ಒತ್ತಿ ಮಲಗಿದ ಹಕ್ಕಿಯ ಕಾಲನ್ನು ಹೊರಗಿನಿಂದಲೇ ಎಳೆದು ಹರಿಯುತ್ತದೆ. ಅದಕ್ಕೇ ಹಿಂಬದಿ ಮತ್ತು ಎರಡು ಪಕ್ಕಗಳ ಕೆಳಗಿನ ಐದು ಇಂಚು ಪ್ಲೈವುಡ್ ಇರಲಿ. ಅದರ ಮೇಲೆ ಗಾಳಿಗೆ ಜಾಲರಿ. ಎದುರಿಗೂ ಕೆಳಗಡೆ ಅಷ್ಟೇ ಎತ್ತರದ ಪಟ್ಟಿ ಹೊಡೆಯಿರಿ, ಹೊಟ್ಟು ಚೆಲ್ಲುವುದೂ ನಿಲ್ಲುತ್ತದೆ. ಜಾಲರಿಯನ್ನು ಬರೀ ಸ್ಟೇಪಲ್ ಪಿನ್ನಿನಿಂದ ಹೊಡೆದರೆ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಪಿನ್ನು ಸಡಿಲಾಗುತ್ತದೆ. ವಾಷರ್ ಹಾಕಿದ ಸ್ಕ್ರೂ ಬಳಸಿ, ಮೇಲೊಂದು ಪಟ್ಟಿ ಒತ್ತಿ. ತಳದ ಪ್ಲೈವುಡ್ಡಿಗೂ ಕೆಳಗಿನಿಂದ ಜಾಲರಿ ಬೇಕು, ಹೆಗ್ಗಣ ಕಟ್ಟಿಗೆ ಕಡಿದು ಬರುತ್ತದೆ. ಬಾಗಿಲಿಗೆ ಚಿಲಕದ ಜೊತೆ ಒಂದು ಕೊಂಡಿಯೂ ಇರಲಿ. ಕಾಲುಗಳು ಎರಡೂವರೆ ಅಡಿ ಎತ್ತರ, ಪ್ರತಿ ಕಾಲಿನ ಕೆಳಗೆ ನೀರು ತುಂಬಿದ ಡಬ್ಬಿ, ಇಲ್ಲದಿದ್ದರೆ ಕೆಂಜಿಗ ಇರುವೆ ಹತ್ತುತ್ತದೆ. ರಾತ್ರಿ ಚೆಲ್ಲಿದ ಫೀಡ್ ನೆಲದಲ್ಲಿ ಉಳಿದರೆ ಇಲಿಗಳಿಗೆ ನೀವೇ ಕರೆ ಕೊಟ್ಟಂತೆ. ಸಂಜೆ ಗುಡಿಸುವುದು ಜಾಲರಿಯಷ್ಟೇ ಮುಖ್ಯ.

ಪೆಟ್ಟಿಗೆ ಇಡಬೇಕಾದ್ದು ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಾಯಿ ತೆರೆದು, ರೆಕ್ಕೆ ಅಗಲಿಸಿ ಕೂತರೆ ಹಕ್ಕಿಗೆ ಆಗುತ್ತಿಲ್ಲ ಎಂದು ಅರ್ಥ. ತಗಡಿನ ಚಾವಣಿ ಇದ್ದರೆ ಅದಕ್ಕೂ ಗೂಡಿಗೂ ನಡುವೆ ಅರ್ಧ ಅಡಿಯಾದರೂ ಗಾಳಿ ಆಡಲಿ. ಒಂದು ಲೀಟರಿನ ಬಾಟಲಿಯಲ್ಲಿ ನೀರು ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಖಾನೆಯ ಮೂಲೆಯಲ್ಲಿಡಿ, ಹಕ್ಕಿಗಳು ತಾವೇ ಅದರ ಪಕ್ಕಕ್ಕೆ ಹೋಗಿ ಮಲಗುತ್ತವೆ. ಒದ್ದೆ ಗೋಣಿತಟ್ಟನ್ನು ಒಂದೇ ಬದಿಗೆ ಇಳಿಬಿಡಿ. ನಾಲ್ಕೂ ಬದಿ ಮುಚ್ಚಿದರೆ ಒಳಗೆ ಹಬೆ ತುಂಬಿ ಇನ್ನಷ್ಟು ಕೆಡುತ್ತದೆ. ಡಿಸೆಂಬರಿನ ಚಳಿಗೆ ದೊಡ್ಡ ಹಕ್ಕಿಗಳು ಹೆದರುವುದಿಲ್ಲ, ಮೈ ಒಣಗಿರಬೇಕು, ಗಾಳಿ ನೇರವಾಗಿ ಬಡಿಯಬಾರದು, ಅಷ್ಟೇ.

ಪುಣೆಗೇ ಸೇರಿದ ಇನ್ನೊಂದು ತೊಂದರೆ ಸದ್ದು. ಗಣೇಶ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಷಾ ಪಥಕಗಳ ತಾಲೀಮು, ಆಮೇಲೆ ದೀಪಾವಳಿಯ ಪಟಾಕಿ. ಆ ದಿನಗಳಲ್ಲಿ ಸಂಜೆಯಾಗುತ್ತಲೇ ಎದುರಿನ ಮುಕ್ಕಾಲು ಭಾಗಕ್ಕೆ ದಪ್ಪ ಹತ್ತಿ ಬಟ್ಟೆ ಇಳಿಬಿಟ್ಟು, ಹತ್ತಿರದಲ್ಲಿ ಒಂದು ಮಂದ ದೀಪ ಉರಿಸಿ. ಕಗ್ಗತ್ತಲಲ್ಲಿ ಚಿಮ್ಮಿದ ಹಕ್ಕಿ ಎಲ್ಲಿ ಇಳಿಯಬೇಕೆಂದು ತಿಳಿಯದೆ ಮತ್ತೆ ಮತ್ತೆ ಚಿಮ್ಮುತ್ತದೆ. ಬೆಳಕು ಸ್ವಲ್ಪ ಇದ್ದರೆ ಒಂದೇ ಸಲಕ್ಕೆ ಸುಮ್ಮನಾಗುತ್ತದೆ.

ತಳಕ್ಕೆ ಎರಡು ಇಂಚು ಭತ್ತದ ಹೊಟ್ಟು. ಮಾವಳ, ಮುಳಶಿ, ಭೋರ್ ಕಡೆಯ ಅಕ್ಕಿ ಗಿರಣಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ. ಪೂರ್ತಿ ತಂತಿಯ ತಳದಲ್ಲಿ ಹಿಕ್ಕೆ ಕೆಳಗೆ ಬೀಳುತ್ತದೆ, ನಿಮ್ಮ ಕೆಲಸ ಹಗುರ, ಆದರೆ ಹಕ್ಕಿಯ ಪಾದ ಹುಣ್ಣಾಗುತ್ತದೆ. ಹೊಟ್ಟನ್ನು ದಿನ ಬಿಟ್ಟು ದಿನ ಕೆದಕಿ, ಒದ್ದೆಯಾದ ಕಡೆಯದನ್ನು ಅಂದೇ ತೆಗೆಯಿರಿ. ನಿಮ್ಮ ಮುಖವನ್ನು ಹಕ್ಕಿಯ ಮಟ್ಟಕ್ಕೆ ತಂದು ಉಸಿರೆಳೆದು ನೋಡಿ: ಕಣ್ಣು ಚುರುಗುಟ್ಟಿದರೆ ಅಮೋನಿಯ ಆಗಿದೆ, ಪೂರ್ತಿ ಬದಲಿಸುವ ಹೊತ್ತು. ಜುಲೈ, ಆಗಸ್ಟಿನಲ್ಲಿ ಇದು ಬೇಗ ಬರುತ್ತದೆ. ಒದ್ದೆ ಹೊಟ್ಟು ಹಿಕ್ಕೆಯೊಡನೆ ಹಕ್ಕಿಯ ಕಾಲ್ಬೆರಳ ತುದಿಗೆ ಮೆತ್ತಿ ಗೋಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ಎಳೆದು ಕೀಳಬೇಡಿ, ಉಗುರೂ ಜೊತೆಗೆ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ನೆನೆಸಿದರೆ ತಾನೇ ಕರಗುತ್ತದೆ. ಧೂಳಿನ ಸ್ನಾನ ಈ ಹಕ್ಕಿಯ ದೊಡ್ಡ ಸುಖ. ಮೂರು ಇಂಚು ಆಳದ ಟ್ರೇಯಲ್ಲಿ ಒಣ ಮರಳಿಗೆ ಜರಡಿ ಹಿಡಿದ ಕಟ್ಟಿಗೆ ಬೂದಿ ಸ್ವಲ್ಪ ಬೆರೆಸಿ ಮಧ್ಯಾಹ್ನ ಒಂದೆರಡು ತಾಸು ಇಡಿ. ಇಡೀ ದಿನ ಇಟ್ಟರೆ ಅದರಲ್ಲೇ ಹೊಲಸು, ಅದರಲ್ಲೇ ಮೊಟ್ಟೆ.

ಆಹಾರದಲ್ಲೂ ಕೋಳಿಯ ಲೆಕ್ಕ ಕೈಕೊಡುತ್ತದೆ. ಮೊಟ್ಟೆಕೋಳಿಯ ಫೀಡಿನಲ್ಲಿ ಪ್ರೊಟೀನು ಶೇ 16ರಿಂದ 18, ಗೌಜಲಕ್ಕಿಗೆ ಬೇಕಾದ್ದು ಶೇ 20ರಿಂದ 22. ಕಡಿಮೆಯಾದರೆ ಪುಕ್ಕ ಸೊರಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಒಂದನ್ನೊಂದು ಕುಕ್ಕಲು ಶುರು. ಗೌಜಲಕ್ಕಿಯ ಫೀಡೇ ಸಿಗದಿದ್ದರೆ ಬ್ರಾಯ್ಲರ್ ಸ್ಟಾರ್ಟರ್ ಪುಡಿ ಹಾಕಿ, ಚೀಲದ ಮೇಲಿನ ಅಂಕಿ ಓದಿ ಕೊಳ್ಳಿ. ಆದರೆ ಅದರಲ್ಲಿ ಮೊಟ್ಟೆ ಇಡುವ ಹಕ್ಕಿಗೆ ಸಾಲುವಷ್ಟು ಸುಣ್ಣದಂಶ ಇಲ್ಲ, ಹಾಗಾಗಿ ಸಿಂಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಬೇಕು. ಫೀಡಿಗೇ ಬೆರೆಸಬೇಡಿ, ಗಂಡಿಗೆ ಅಷ್ಟು ಸುಣ್ಣ ಹಿತವಲ್ಲ. ಹಕ್ಕಿಗೆ ದಿನಕ್ಕೆ 25 ಗ್ರಾಂ, ಹತ್ತಕ್ಕೆ ತಿಂಗಳಿಗೆ ಏಳೂವರೆ ಕಿಲೋ. ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನದು ಕೊಳ್ಳಬೇಡಿ, ಬೂಸ್ಟು ಹಿಡಿದ ವಾಸನೆ ಬಂದರೆ ಬಿಸಿಲಿಗೆ ಒಣಗಿಸಿ ಹಾಕುವ ಆಸೆಯೂ ಬೇಡ: ಬೂಸ್ಟು ಸತ್ತರೂ ಅದರ ವಿಷ ಉಳಿಯುತ್ತದೆ. ಸಜ್ಜೆ, ನವಣೆ, ಮೆಂತ್ಯ ಸೊಪ್ಪು ಒಂದು ಚಿಟಿಕೆ ರುಚಿಗೆ ಸರಿ. ಉಪ್ಪು ಖಾರದ ಚೂಡಾ ಕೂಡದು.

ನೀರಿಗೆ ನಿಪ್ಪಲ್, ಅಂದರೆ ಹಕ್ಕಿ ಕುಕ್ಕಿದಾಗ ಮಾತ್ರ ಹನಿ ಬಿಡುವ ಪುಟ್ಟ ನಳಿಕೆ, ಇಟ್ಟರೆ ಹೊಟ್ಟು ಒಣಗಿರುತ್ತದೆ. ಟ್ಯಾಂಕರಿನ ಗಡಸು ನೀರು ಅದರಲ್ಲಿ ಬಿಳಿ ಪದರ ಕಟ್ಟಿ ಮುಚ್ಚಿಬಿಡುತ್ತದೆ. ದಿನಾ ಬೆಳಿಗ್ಗೆ ಬೆರಳಿಂದ ಒತ್ತಿ ಹನಿ ಬರುವುದನ್ನು ನೋಡಿ, ವಾರಕ್ಕೊಮ್ಮೆ ವಿನೆಗರ್ ನೀರಲ್ಲಿ ತೊಳೆಯಿರಿ.

ಆರೇಳು ವಾರಕ್ಕೆ ಮೊಟ್ಟೆ ಶುರುವಾಗುತ್ತದೆ, ಒಂದೊಂದು 10ರಿಂದ 12 ಗ್ರಾಂ. ಹಗಲು 14 ತಾಸು ಇದ್ದರೆ ಎಡೆಬಿಡದೆ ಇಡುತ್ತವೆ. ಚಳಿಗಾಲದಲ್ಲಿ ಹಗಲು ಕುಗ್ಗಿದಾಗ ದೀಪ ಹಾಕಿ ಇಡಿಸುವುದು ನಮಗೆ ಒಪ್ಪಿಗೆಯಿಲ್ಲ. ಆ ಬಿಡುವು ಹಕ್ಕಿಯ ಮೈಗೆ ಬೇಕು. ಹಾಕಲೇಬೇಕೆಂದರೆ ಟೈಮರಿಟ್ಟು ನಸುಕಿನಲ್ಲಿ ಹಾಕಿ, ಸಂಜೆ ಥಟ್ಟನೆ ಆರಿಸಿದರೆ ಬೆದರುತ್ತವೆ. ಪುಕ್ಕ ಉಬ್ಬಿಸಿ, ಬಾಲ ಕುಣಿಸುತ್ತ ಮೂಲೆಯಲ್ಲಿ ಕೂತ ಹೆಣ್ಣಿಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಲ್ಲಿ ಹೊಟ್ಟೆಯವರೆಗೆ ಹದಿನೈದು ನಿಮಿಷ ಕೂರಿಸಿ, ಒರೆಸಿ, ಕತ್ತಲಾದ ಬೆಚ್ಚಗಿನ ಡಬ್ಬಿಯಲ್ಲಿಡಿ. ಹೊಟ್ಟೆ ಒತ್ತಬೇಡಿ, ಒಳಗೆ ಒಡೆದರೆ ಉಳಿಯುವುದಿಲ್ಲ. ಕೆಲವು ತಾಸಿನಲ್ಲಿ ಬರದಿದ್ದರೆ ಪಶುವೈದ್ಯರ ಬಳಿ ಹೋಗಿ.

ಕೋಳಿಯನ್ನೂ ಗೌಜಲಕ್ಕಿಯನ್ನೂ ಒಟ್ಟಿಗೆ ಇಡಬಾರದು. ಕೋಳಿ ತಾನು ತಡೆದುಕೊಳ್ಳುವ ರೋಗ ಇವಕ್ಕೆ ಮಾರಕ. ಪಾರಿವಾಳದ ಹಿಕ್ಕೆ ಗೂಡಿನೊಳಗೆ ಬೀಳದಂತೆ ಮೇಲೆ ಗಟ್ಟಿ ಚಾವಣಿ ಬೇಕೇ ಬೇಕು. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಇದೇ ಮಹಾರಾಷ್ಟ್ರದ ನವಾಪುರದಲ್ಲಿ. ಒಂದು ಹಕ್ಕಿ ಸತ್ತರೆ ಕಾರಣ ಹುಡುಕಬಹುದು. ಒಂದೆರಡು ದಿನದಲ್ಲಿ ಮೂರ್ನಾಲ್ಕು ಸತ್ತರೆ ಕೊಯ್ಯಬೇಡಿ, ಪುಕ್ಕ ಕೀಳಬೇಡಿ, ಉಳಿದವನ್ನು ಯಾರಿಗೂ ಕೊಡಬೇಡಿ. ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ. ರಾಜ್ಯ ಪಶುಸಂಗೋಪನಾ ಇಲಾಖೆಯ ರೋಗ ಪತ್ತೆ ಪ್ರಯೋಗಾಲಯ ಔಂಧ್‌ನಲ್ಲೇ ಇದೆ, ಮಾದರಿ ಅಲ್ಲಿಗೆ ಹೇಗೆ ತಲುಪಬೇಕೆಂದು ಅವರು ಹೇಳುತ್ತಾರೆ.

ಇನ್ನು ಸಂಕ್ರಾಂತಿಗೋ ಜಾತ್ರೆಗೋ ಊರಿಗೆ ಹೊರಟಾಗ ಏನು ಮಾಡುವುದು ಎಂಬುದು ಪುಣೆಯ ನಮ್ಮವರೆಲ್ಲರ ಪ್ರಶ್ನೆ. ಒಂದು ರಾತ್ರಿಗೆ ಎರಡು ನೀರಿನ ಬಾಟಲಿ, ದುಪ್ಪಟ್ಟು ಫೀಡ್ ಇಟ್ಟು ಹೋಗಬಹುದು. ಅದಕ್ಕೂ ಹೆಚ್ಚಾದರೆ ಪಕ್ಕದ ಮನೆಯವರಿಗೆ ಎರಡು ದಿನ ಮೊದಲೇ ಕರೆದು ಮೂರೇ ಕೆಲಸ ತೋರಿಸಿಕೊಡಿ: ನಿಪ್ಪಲ್ ಒತ್ತಿ ನೋಡುವುದು, ಫೀಡ್ ಹಾಕುವುದು, ಚಿಲಕ ಮತ್ತು ಕೊಂಡಿ ಎರಡನ್ನೂ ಹಾಕುವುದು. ಮೊಟ್ಟೆ ಅವರೇ ಇಟ್ಟುಕೊಳ್ಳಲಿ.