ಅಪ್ರೆಂಟಿಸ್ ಮುಗಿಸಿದ್ರೆ ಪರ್ಮನೆಂಟ್ ಆಗುತ್ತಾ ಸಾರ್?

ಅಪ್ರೆಂಟಿಸ್ ಅಂದರೆ ಕಂಪನಿಯಲ್ಲೇ ಸ್ಟೈಪೆಂಡ್ ಪಡೆದು ಕಸುಬು ಕಲಿಯುವ ತರಬೇತಿ. ಅದು ಮುಗಿದರೆ ಪರ್ಮನೆಂಟ್ ಆಗಲೇಬೇಕು ಅಂತ ಎಲ್ಲೂ ಬರೆದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂತು. ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಕಂಪನಿಯೂ ತನ್ನದೇ ನೀತಿ ಮಾಡಿಕೊಳ್ಳಬೇಕು ಅನ್ನುತ್ತದೆ ಅದು, ಅಷ್ಟೇ. ಕೋಲಾರ ಜಿಲ್ಲೆಯ ಐಟಿಐ ಒಂದರಲ್ಲಿ ಫಿಟ್ಟರ್ ಟ್ರೇಡ್ ಹೇಳಿಕೊಡುವವನು ನಾನು. ಮದುವೆ ಪಂಕ್ತಿಯಲ್ಲೂ ಬಂಗಾರಪೇಟೆ ಬಸ್ಸಲ್ಲೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ.

ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಜಮೀನು ಅಡ ಇಟ್ಟು ಮಗನನ್ನು ಇಂಜಿನಿಯರಿಂಗಿಗೆ ಸೇರಿಸುವವರು ಫೀಸು ಕಟ್ಟುವ ಕೌಂಟರಿನಲ್ಲಿ ನಿಂತು ‘ಕೆಲಸ ಗ್ಯಾರಂಟಿನಾ?’ ಅಂತ ಕೇಳುವುದಿಲ್ಲ. ಕಲಿಯುವ ಹುಡುಗನಿಗೆ ಕಂಪನಿಯೇ ತಿಂಗಳು ತಿಂಗಳು ದುಡ್ಡು ಕೊಡುವ ಕಡೆ ಮಾತ್ರ ಗ್ಯಾರಂಟಿ ಬೇಕು! 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 9,000 ರೂಪಾಯಿ ಸ್ಟೈಪೆಂಡ್ ಅಂತ ಇಟ್ಟರು. ರೂಮು ಮಾಡಿಕೊಂಡು ಇರುವವನಿಗೆ ಇದು ಸಾಲದು, ಒಪ್ಪುತ್ತೇನೆ. ಊರಿಂದ ಓಡಾಡುವ ಹುಡುಗ ಮಾತ್ರ ಮನೆಯವರ ಮುಂದೆ ಕೈಚಾಚದೆ ಕಸುಬು ಕಲಿಯಬಹುದು.

ಹೋದ ಸಲ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಮಂಡಿಗೆ ಕಾಯಿ ಹಾಕಿ, ನೇರ ನಮ್ಮ ವರ್ಕ್‌ಶಾಪಿಗೆ ಬಂದರು. ಹಿಂದೆ ಮಗ, ನನ್ನ ಹಳೆಯ ವಿದ್ಯಾರ್ಥಿ.

“ನಿಮ್ ಮಾತ್ ಕೇಳ್ಕೊಂಡು ಅಪ್ರೆಂಟಿಸ್‌ಗೆ ಕಳಿಸ್ದೆ ಸಾರ್. ವರ್ಷ ಆಯ್ತು, ಮನೆಗೋಗು ಅಂದವ್ರೆ. ಏನ್ ಬಂತು?”

ಹುಡುಗನ ಐಡಿ ಕಾರ್ಡ್ ಇಸಿದುಕೊಂಡು ನೋಡಿದೆ. ಫೋಟೋ ಕೆಳಗೆ ‘ಟ್ರೈನಿ’ ಅಂತಿತ್ತು. ತಿರುಗಿಸಿದರೆ ಲೇಬರ್ ಕಾಂಟ್ರಾಕ್ಟರ್ ಒಬ್ಬನ ಹೆಸರು.

“ಏನಪ್ಪಾ ಕೆಲ್ಸ ಕೊಟ್ಟಿದ್ರು?”

“ಪ್ಯಾಕಿಂಗ್ ಸಾರ್.”

ಬೆಂಚ್ ಮೇಲಿದ್ದ ಮೈಕ್ರೋಮೀಟರ್ ಕೊಟ್ಟು ಒಂದು ರಾಡ್ ಅಳೆಯಲು ಹೇಳಿದೆ. ರ‍್ಯಾಚೆಟ್ ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿದ, ಅದನ್ನು ಮರೆತಿರಲಿಲ್ಲ. ನೋಡಿ 12.27 ಅಂದ. ಸ್ಲೀವ್ ಮೇಲೆ, ಅಂದರೆ ಮಿಲಿಮೀಟರ್ ಗೆರೆಗಳಿರುವ ಕೊಳವೆಯ ಮೇಲೆ, 12ರ ಗೆರೆ ಆದಮೇಲೆ ಅರ್ಧ ಮಿಲಿಮೀಟರಿನ ಗೆರೆಯೂ ಆಚೆ ಬಂದಿತ್ತು. ಅದನ್ನು ಸೇರಿಸಿದರೆ 12.77. ಅರ್ಧ ಮಿಲಿಮೀಟರ್ ತಪ್ಪಿದ ಶಾಫ್ಟಿನ ಮೇಲೆ ಯಾವ ಬೇರಿಂಗೂ ಕೂರುವುದಿಲ್ಲ. ನನ್ನ ಹತ್ತಿರ ಇದ್ದಾಗ ತಡವರಿಸದೆ ಓದುತ್ತಿದ್ದ ಹುಡುಗ ಇವನು. ಒಂದು ವರ್ಷ ಟೇಪ್ ಅಂಟಿಸಿ ಅಂಟಿಸಿ ಕಲಿತದ್ದನ್ನೂ ಕಳೆದುಕೊಂಡಿದ್ದ. ಹೊಟ್ಟೆ ಉರಿಯಿತು.

“ಇದು ಅಪ್ರೆಂಟಿಸ್ ಅಲ್ವೇ ಅಲ್ಲ ಯಜಮಾನ್ರೇ” ಅಂದೆ. ನಿಜವಾದ ಅಪ್ರೆಂಟಿಸ್‌ಗೆ ಹುಡುಗನಿಗೂ ಕಂಪನಿಗೂ ನಡುವೆ ಸಹಿಯಾದ ಒಪ್ಪಂದ ಇರುತ್ತದೆ, ಅದು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗಿರುತ್ತದೆ. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನುವ ಸರ್ಕಾರಿ ಅಧಿಕಾರಿಯ ಅನುಮತಿ ಇಲ್ಲದೆ ಓಟಿ, ಅಂದರೆ ಓವರ್‌ಟೈಮ್, ಮಾಡಿಸುವಂತಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕು. ಫಿಟ್ಟರ್, ಟರ್ನರ್‌ನಂಥ ಟ್ರೇಡುಗಳಲ್ಲಿ ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್, ನಾವು ಎನ್‌ಎಸಿ ಅನ್ನುವುದು. ಇಷ್ಟೆಲ್ಲ ಕೇಳಿಸಿಕೊಂಡ ಆ ಮನುಷ್ಯ ಅಂದದ್ದು: “ಹಂಗಾರೆ ಅದನ್ನ ಮಾಡಿದ್ರೆ ಪರ್ಮನೆಂಟ್ ಆಗ್ತದಾ?”

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ಅಲ್ಲಿ ನನ್ನ ಮಗ ಯಾವ ಮೆಷಿನ್ ಮುಂದೆ ನಿಲ್ಲುತ್ತಾನೆ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು? ಅಪ್ರೆಂಟಿಸ್ ವರ್ಷದ ಬೆಲೆ ಇರುವುದೇ ಇದರಲ್ಲಿ. ನಮ್ಮ ವರ್ಕ್‌ಶಾಪಿನ ಲೇತ್ ಕೆಟ್ಟರೆ ನಾಳೆ ನೋಡೋಣ ಅನ್ನಬಹುದು. ಕಾರ್ಖಾನೆಯಲ್ಲಿ ಲೈನ್ ನಿಂತು ಮೇಲಿನವರು ನಿಮಿಷಕ್ಕೊಂದು ಫೋನ್ ಮಾಡುತ್ತಿರುವಾಗ ಮೊದಲು ಯಾವ ಬೋಲ್ಟಿಗೆ ಕೈಹಾಕಬೇಕು, ಬೇರಿಂಗ್ ಹೋಗುವ ಮುಂಚೆ ಹೇಗೆ ಸದ್ದು ಮಾಡುತ್ತದೆ ಅನ್ನುವುದನ್ನು ಹಳೆಯ ಫಿಟ್ಟರ್ ಒಬ್ಬನ ಬೆನ್ನಿಗೆ ಬಿದ್ದೇ ಕಲಿಯಬೇಕು. ನಾನು ಎಷ್ಟೇ ಗಂಟಲು ಹರಿದುಕೊಂಡರೂ ಅದನ್ನು ಕ್ಲಾಸಿನಲ್ಲಿ ಕೊಡಲಾರೆ.

ಆ ಸರ್ಟಿಫಿಕೇಟ್ ಬರೀ ಕಾಗದವಲ್ಲ. ರೈಲ್ವೆಯ ಲೆವೆಲ್ 1, ಅಂದರೆ ಹಿಂದಿನ ಗ್ರೂಪ್ ಡಿ, ನೇಮಕಾತಿಯಲ್ಲಿ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಶೇ 20 ಹುದ್ದೆ ಮೀಸಲು. ಉಳಿದ ಅರ್ಹತೆ ಸಮ ಇದ್ದರೆ ನೇರ ನೇಮಕಾತಿಗಿಂತ ತರಬೇತಿ ಪಡೆದವನಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಉತ್ತರ ಪ್ರದೇಶದ ಸಾರಿಗೆ ನಿಗಮದ ಕೇಸಿನಲ್ಲಿ ಹೇಳಿದೆ.

30 ಅಥವಾ ಹೆಚ್ಚು ಜನ ಇರುವ ಕಾರ್ಖಾನೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅನ್ನುತ್ತದೆ ನಿಯಮ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಅಂಥವು ಎಷ್ಟೋ ಇವೆ. ಹೋಗಿ ಕೇಳಿ. ಕೆಲಸಕ್ಕೆ ತೆಗೆದುಕೊಳ್ಳುವ ನಿಮ್ಮ ನೀತಿ ಏನು ಅಂತಲೂ ಎಚ್‌ಆರ್ ಮುಂದೆ ಕೂತು ಧಾರಾಳವಾಗಿ ಕೇಳಿ, ಆ ಪ್ರಶ್ನೆಗೆ ಉತ್ತರ ಇರುವುದು ಅವರ ಹತ್ತಿರ. ಪೋರ್ಟಲ್‌ನಲ್ಲಿ ಹುಡುಗರು ಹೆಸರು ನೋಂದಾಯಿಸಲು ಒಂದು ಪೈಸೆಯೂ ಬೇಡ, ಮಧ್ಯದಲ್ಲಿ ದುಡ್ಡು ಕೇಳಿದವರಿಗೆ ಕೊಡಬೇಡಿ. ಒಪ್ಪಂದದ ಕಾಗದ ಕೈಗೆ ಬಂದರೆ ಸಹಿ ಹಾಕುವ ಮೊದಲು ವರ್ಕ್‌ಶಾಪಿಗೆ ತನ್ನಿ, ಕೂತು ಓದೋಣ.