ಏಳರಿಂದ ಎಂಟಕ್ಕೆ ದಾಟುವ ಮಕ್ಕಳು

ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳನೆಯ ತರಗತಿಗೆ ಮುಗಿಯುತ್ತವೆ. ಅಕ್ಷರ ತಿದ್ದಿಸಿದ, ಅಪ್ಪ ಅಮ್ಮಂದಿರ ಹೆಸರನ್ನೂ ಬಲ್ಲ ಶಿಕ್ಷಕರನ್ನು ಬಿಟ್ಟು, ಹದಿಮೂರರ ಆಸುಪಾಸಿನ ಮಗು ಬೇರೊಂದು ಊರಿನ ಪ್ರೌಢಶಾಲೆಗೆ ಸೇರಬೇಕಾಗುತ್ತದೆ. ಎಂಟನೆಯ ತರಗತಿಯವರಿಗೆಂದು 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ದಾರಿಯ ದೂರವನ್ನೇನೋ ಗುರುತಿಸಿತ್ತು. ಆದರೆ ದನಿ ಒಡೆಯುವ, ಮುಟ್ಟು ಆರಂಭವಾಗುವ, ಗೆಳೆಯರ ಒಂದು ನಗೆಯೂ ಚುಚ್ಚುವ ವಯಸ್ಸಿನಲ್ಲಿಯೇ ಶಾಲೆ, ಶಿಕ್ಷಕರು, ಕೆಲವರಿಗೆ ಕಲಿಕೆಯ ಮಾಧ್ಯಮವೂ ಒಟ್ಟಿಗೆ ಬದಲಾಗುತ್ತವೆ ಎಂಬುದನ್ನು ನಾವು ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ.

ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೂ ಮುಂದಕ್ಕೆ ಸರಿಯುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುವುದೇ ಇದಕ್ಕೆ ಒಂದು ಕಾರಣ. ಎಂಟರಿಂದ ಹತ್ತು ಗಂಟೆ ಮಲಗಬೇಕಾದ ಮಗುವನ್ನು ನಸುಕಿನ ಟ್ಯೂಷನ್ನಿಗೆ ಎಬ್ಬಿಸಿ, ಮೊದಲ ಪಿರಿಯಡ್ಡಿನಲ್ಲಿ ತೂಕಡಿಸಿದಾಗ ಸೋಮಾರಿ ಎನ್ನುವುದು ಅನ್ಯಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಶೌಚಾಲಯದ ಚಿಲಕ ಮತ್ತು ನೀರು ಯಾವ ಉಪದೇಶಕ್ಕಿಂತಲೂ ಮುಖ್ಯ. ನಡುವೆ ನಿಂತುಹೋಗಿದ್ದ 'ಶುಚಿ' ಯೋಜನೆಯ ಸ್ಯಾನಿಟರಿ ಪ್ಯಾಡುಗಳ ವಿತರಣೆ 2024ರಲ್ಲಿ ಮತ್ತೆ ಆರಂಭವಾದದ್ದು ಸಂತೋಷವೇ, ಆದರೂ ಬದಲಾಯಿಸಿಕೊಳ್ಳಲು ಜಾಗವಿಲ್ಲದಿದ್ದರೆ ಆ ಹುಡುಗಿ ಮನೆಯಲ್ಲಿಯೇ ಉಳಿಯುತ್ತಾಳೆ.

ಕೇಂದ್ರ ಸರ್ಕಾರ ರೂಪಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದಂತೆ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ತರಬೇತಿ ಪಡೆದು, ಭಾವನಾತ್ಮಕ ಆರೋಗ್ಯವೂ ಸೇರಿ 11 ವಿಷಯಗಳನ್ನು ಮಕ್ಕಳೊಂದಿಗೆ ಚರ್ಚಿಸಬೇಕು. ಕಲ್ಪನೆ ಚೆನ್ನಾಗಿದೆ, ಆದರೆ ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸ, ಆನ್‌ಲೈನ್ ದಾಖಲೆಗಳ ನಡುವೆ ಆ ಶಿಕ್ಷಕರಿಗೆ ಸಮಯವನ್ನು ಯಾರು ಕೊಡುತ್ತಾರೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯುಕ್ತ ಸುಧಾರಣೆಯೆಂದರೆ ಎಂಟರಿಂದ ಹತ್ತನೆಯ ತರಗತಿಯವರೆಗೆ ಒಬ್ಬರೇ ತರಗತಿ ಶಿಕ್ಷಕರನ್ನು ಮುಂದುವರಿಸುವುದು, ಮತ್ತು ಏಳನೆಯ ತರಗತಿಯ ಶಿಕ್ಷಕರು ಜೂನ್ ತಿಂಗಳಲ್ಲಿ ಒಮ್ಮೆ ಅವರ ಜೊತೆ ಕೂತು ಪ್ರತಿ ಮಗುವಿನ ಬಗ್ಗೆ, ಅಂಕಗಳ ಮಾತು ಬಿಟ್ಟು, ಹೇಳುವುದು. ಮಾತು ಕಡಿಮೆಯಾಗಿರುವ ಹುಡುಗ ಮೊದಲಿನಿಂದಲೂ ಹಾಗೆಯೋ, ಈಗಷ್ಟೇ ಹಾಗಾದನೋ ಎಂಬುದು ಹೀಗಲ್ಲದೆ ಹೊಸ ಶಾಲೆಗೆ ಗೊತ್ತಾಗುವ ದಾರಿಯಿಲ್ಲ.

ಶಿಕ್ಷಕರ ಬಳಿಯೂ ಹೇಳಲಾಗದ್ದಕ್ಕೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416 ಎಂಬ ಅದರ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಯೊಳಗೆ ಅಂಟಿಸಿದರೆ ಹೆಚ್ಚು ಪ್ರಯೋಜನವಿಲ್ಲ. ಯಾರೂ ಗಮನಿಸದಂತೆ ಮಗು ಅದನ್ನು ಬರೆದುಕೊಳ್ಳಬಹುದಾದ ಕಡೆ ಇರಬೇಕು.